ಗೆರೆಯ ಈಚೆಗಿನ ಚಳಿ

ಪುಸ್ ೯, ಸೋಮವಾರ

ನಿನ್ನೆ ಬೆಳಗಿನ ಜಾವ ಅಮ್ಮ ತೀರಿಕೊಂಡಳು. ಎಪ್ಪತ್ತೆಂಟು ವರ್ಷ. ದಸರಾ ಕಳೆದ ಮೇಲೆ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮಧ್ಯಾಹ್ನ ರಾಪ್ತಿ ನದಿಯ ಘಾಟಿನಲ್ಲಿ ದಹನ. ಅಣ್ಣ ಟೀಕಾರಾಮ ಬೆಂಕಿ ಕೊಟ್ಟ. ಕಟ್ಟಿಗೆ ಹಸಿ ಇತ್ತು, ಹೊತ್ತಿಕೊಳ್ಳಲು ತಡವಾಯಿತು.

ಸಂಜೆಯಿಂದ ಅಣ್ಣ ಕ್ರಿಯೆಗೆ ಕೂತಿದ್ದಾನೆ. ಜಗಲಿಯ ಒಂದು ಮೂಲೆ ಸಾರಿಸಿ, ಹುಲ್ಲು ಹಾಸಿ ಕೊಟ್ಟಿದ್ದೇವೆ. ಬೋಳಿಸಿದ ತಲೆ, ಹೊಲಿಗೆಯಿಲ್ಲದ ಬಿಳಿ ಪಂಚೆ, ಬರಿಗಾಲು. ದಿನವೂ ಬೆಳಗ್ಗೆ ತಣ್ಣೀರಿನ ಸ್ನಾನ. ದಿನಕ್ಕೆ ಒಂದೇ ಊಟ, ತಾನೇ ಬೇಯಿಸಿಕೊಳ್ಳಬೇಕು, ಉಪ್ಪಿಲ್ಲ. ಹದಿಮೂರನೆಯ ದಿನದವರೆಗೆ ಯಾರೂ ಅವನನ್ನು ಮುಟ್ಟುವಂತಿಲ್ಲ. ಎದುರು ಮೂಲೆಯಲ್ಲಿ ಅತ್ತಿಗೆ ಹೋಮಕಲಾ, ಅವಳಿಗೂ ಬಿಳಿ ಸೀರೆ. ನಾನು ಮದುವೆಯಾಗಿ ಹೋದವಳು, ನನಗೆ ಐದು ದಿನದ ಸೂತಕ ಮಾತ್ರ.

ಪಟ್ಟಣದ ನಮ್ಮ ಹವಾಮಾನ ಕಚೇರಿಗೆ ಫೋನ್ ಮಾಡಿ ರಜೆ ಹೇಳಿದೆ. ನನ್ನ ಸಹಾಯಕ ಮಂಗಲ್ ಚೌಧರಿ ಎರಡು ಸಮಾಧಾನದ ಮಾತಾಡಿದ. ಆಮೇಲೆ ಏನು ಮಾತಾಡಬೇಕೋ ತಿಳಿಯದೆ ಬೆಳಗಿನ ಅಂಕಿ ಹೇಳಿದ: ಕನಿಷ್ಠ ತಾಪ ೮.೨ ಡಿಗ್ರಿ. ನಾನು ಕೇಳಿರಲಿಲ್ಲ. ಆದರೂ ಬರೆದುಕೊಂಡೆ.

ಪುಸ್ ೧೧, ಬುಧವಾರ

ಮಂಜು ಇಳಿದಿದೆ. ಅಂಗಳದಾಚೆಯ ಮಾವಿನ ಮರ ಕಾಣುವುದಿಲ್ಲ. ಬೆಳಗ್ಗೆ ಮನೆಯ ಹಿಂದಿನ ನಾಲೆಯಿಂದ ನೀರಿನ ಸದ್ದು ಕೇಳಿಸಿತು, ಆಮೇಲೆ ಕೆಮ್ಮು. ಅಣ್ಣ ಮುಳುಗು ಹಾಕಿ ಬಂದು, ಒದ್ದೆ ಪಂಚೆ ಬಿಚ್ಚಿ ಇನ್ನೊಂದು ಉಟ್ಟು ಕೂತ. ಅವನಿಗೆ ಇರುವುದು ಅವೆರಡೇ.

ಅವನ ಎದೆ ಸರಿಯಿಲ್ಲ. ಒಂಬತ್ತು ವರ್ಷ ಕೊಲ್ಲಿ ದೇಶದಲ್ಲಿ ಸಿಮೆಂಟಿನ ಧೂಳು ಕುಡಿದು ಬಂದವನು. ಚಳಿಗಾಲದಲ್ಲಿ ಸ್ವೆಟರ್ ಹಾಕಿಕೊಂಡು ಒಲೆ ಮುಂದೆ ಕೂತಿದ್ದರೂ ಉಬ್ಬಸ ಬಿಡುವುದಿಲ್ಲ.

"ಕೈಪಂಪಿನ ನೀರು ಬೆಚ್ಚಗಿರುತ್ತೆ, ಅದರಲ್ಲೇ ಸ್ನಾನ ಮಾಡಿ ಅಂದೆ," ಅಂದಳು ಅತ್ತಿಗೆ. "ಆಗಲ್ಲವಂತೆ. ಪಂಪಿನೊಳಗೆ ಚರ್ಮದ ವಾಷರ್ ಇದೆಯಂತೆ. ಈ ಮನೆ ಕಟ್ಟಿದಾಗಿಂದ ಅದೇ ನೀರಲ್ಲಿ ಬೆಂದ ಅನ್ನ ತಿಂದೋರು, ಚರ್ಮ ಈಗ ನೆನಪಾಗಿದೆ."

"ಆಗ ಕ್ರಿಯೆಗೆ ಕೂತಿರಲಿಲ್ಲ," ಅಂದ ಅಣ್ಣ ಆ ಮೂಲೆಯಿಂದ.

"ಕಿವಿ ಮಾತ್ರ ಚೆನ್ನಾಗಿದೆ ನೋಡು."

ಹನ್ನೊಂದರ ಹೊತ್ತಿಗೆ ಲೋಕನಾಥ ಪಂಡಿತರು ಪಿಂಡ ಹಾಕಿಸಲು ಬಂದರು. ನಮ್ಮಪ್ಪನ ಕಾಲದಿಂದಲೂ ಈ ಮನೆಯ ಪುರೋಹಿತರು. ಕಾಯಿಸಿದ ನೀರಲ್ಲಿ ಸ್ನಾನ ಮಾಡಬಹುದಾ ಎಂದು ನಾನೇ ಕೇಳಿದೆ.

"ಯಾಕಾಗಲ್ಲಮ್ಮ? ಶೀತಲಹರಿ ಬಂದ್ರೆ ಆಗುತ್ತೆ. ಬಿಸಿನೀರು, ಕಂಬಳಿ, ಪಕ್ಕದಲ್ಲಿ ಬೆಂಕಿ, ಮಲಗೋಕೆ ಮಂಚ, ಎಲ್ಲಾ ಆಗುತ್ತೆ. ಹಿಂದಿನ ಸಲ ಆ ಕಡೆ ಹಳ್ಳೀಲಿ ಕ್ರಿಯೆಗೆ ಕೂತ ಗಂಡಸು ನಾಲೆ ದಂಡೇಲೇ ಹೋಗಿಬಿಟ್ಟ. ಆಮೇಲೆ ನಾವೆಲ್ಲ ಪುರೋಹಿತರು ಅರಳಿಕಟ್ಟೆ ಮೇಲೆ ಕೂತು ತೀರ್ಮಾನ ಮಾಡಿದ್ವಿ. ರೇಡಿಯೊದಲ್ಲಿ ಶೀತಲಹರಿ ಅಂತ ಹೇಳಿದ ದಿನದಿಂದ ಆಪದ್ಧರ್ಮ."

"ರೇಡಿಯೊದಲ್ಲಿ ಹೇಳಿದ ಮೇಲೆ?"

"ಇನ್ನೇನಮ್ಮ ಮಾಡೋದು? ಇಲ್ಲಾಂದ್ರೆ ಮನೆ ಮನೇಲೂ ನಮ್ಮನೇಲಿ ಚಳಿ ಜಾಸ್ತಿ ಅಂತಾರೆ. ಒಂದು ಗೆರೆ ಬೇಕಲ್ಲ. ಗೆರೆ ಎಳೆಯೋರು ನೀವು. ನಾವು ಅದರ ಮೇಲೆ ಕೂತಿದೀವಿ."

ಸರಿಯಾದ ಮಾತು. ಮಿತಿಯಿಲ್ಲದ ನಿಯಮ ನಿಯಮವೇ ಅಲ್ಲ. ಅಷ್ಟು ಮಂದಿ ಪುರೋಹಿತರು ಒಂದು ಅಳತೆಯನ್ನು ಒಪ್ಪಿಕೊಂಡಿದ್ದಾರೆಂದು ಕೇಳಿ ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಸ್ವಲ್ಪ ಹಿತವೆನಿಸಿತು. ಈಗಿರುವುದು ಶೀತಲಹರಿಯೇ ಎಂದು ಅವರು ಕೇಳಿದರು. ಅಲ್ಲ ಎಂದೆ. ರಾತ್ರಿಯ ಕನಿಷ್ಠ ೮.೪ ಇದೆ, ನಮ್ಮ ಕೇಂದ್ರದ ಮಿತಿ ೫.೬, ಮಂಜು ಬೇರೆ, ಶೀತಲಹರಿ ಬೇರೆ ಎಂದು ವಿವರಿಸಿದೆ.

ಅಣ್ಣ ಅತ್ತಿಗೆಯ ಕಡೆ ತಿರುಗಿ, "ಕೇಳಿಸ್ತಾ? ಅಲ್ವಂತೆ," ಅಂದ. ಗೆದ್ದವನ ಹಾಗಿತ್ತು ದನಿ.

ಪುಸ್ ೧೨, ಗುರುವಾರ

ನನ್ನ ಸೂತಕ ಕಳೆಯಿತು. ಉಪ್ಪು ಹಾಕಿದ ಬೇಳೆ ತಿಂದೆ. ಬಾಯಿಗೆ ಉಪ್ಪೇ ಹೆಚ್ಚೆನಿಸಿತು.

ಕನಿಷ್ಠ ೮.೧. ಬಿಸಿಲಿಲ್ಲ.

ಪುಸ್ ೧೩, ಶುಕ್ರವಾರ

ಕಚೇರಿಗೆ ಹೋದೆ. ಮನೆಯಿಂದ ಪಟ್ಟಣಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಇವತ್ತು ಎರಡು ಗಂಟೆ. ಕ್ಲೀನರ್ ಕೆಳಗಿಳಿದು ಟಾರ್ಚ್ ಹಿಡಿದು ಬಸ್ಸಿನ ಮುಂದೆ ನಡೆಯುತ್ತಿದ್ದ.

ಚೌಧರಿ ಎದ್ದು ನಿಂತು ನಮಸ್ಕಾರ ಮಾಡಿದ. "ಸೂರ್ಯ ರಜಾ ಚೀಟಿ ಕೊಡದೇ ಹೋಗಿದಾನೆ ಮೇಡಂ. ಬಂದ ಮೇಲೆ ಸಂಬಳ ಕಡಿತ ಮಾಡಿ."

ಅಂಗಳದ ಬಿಳಿ ಮರದ ಗೂಡನ್ನು ತೆರೆದು ಉಷ್ಣಮಾಪಕಗಳನ್ನು ನಾನೇ ಓದಿದೆ. ಕನಿಷ್ಠ ೭.೯. ನಿನ್ನೆಯ ಗರಿಷ್ಠ ೧೧.೪. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಆದರೂ ಬರೆದಿಡುತ್ತೇವೆ.

ವಾರ್ಡ್ ಕಚೇರಿಯ ಗುಮಾಸ್ತ ಫೋನ್ ಮಾಡಿದ್ದ. ಗೋದಾಮಿನಲ್ಲಿ ಕಟ್ಟಿಗೆ ಇದೆ, ಕಂಬಳಿ ಇದೆ, ಶೀತಲಹರಿ ಘೋಷಣೆಯಾಗದೆ ಹಂಚುವಂತಿಲ್ಲ. ಅವನಿಗೂ ನಾನು ಅದೇ ಉತ್ತರ ಕೊಟ್ಟೆ. ಚಹದಂಗಡಿಯಲ್ಲಿ ಯಾರೋ, "ರೇಗ್ಮಿ ಮೇಡಂ, ನಿಮ್ಮ ಚಳಿ ಇನ್ನೂ ಕಾಠ್ಮಂಡುವಿಂದ ಹೊರಟಿಲ್ವಾ? ಬಸ್ ಸಿಗ್ಲಿಲ್ಲ ಅನ್ಸುತ್ತೆ," ಅಂದರು. ಎಲ್ಲರೂ ನಕ್ಕರು. ಚಹದ ಲೋಟ ಕೈಗೆ ಬಿಸಿಯಾಗಿತ್ತು, ಅದನ್ನೇ ಹಿಡಿದುಕೊಂಡು ನಿಂತೆ.

ನಗುವವರಿಗೆ ಇದರ ಕಷ್ಟ ಗೊತ್ತಿಲ್ಲ. ಈ ದೇಶದಲ್ಲಿ ಹಿಮವೂ ಬಾಳೆತೋಟವೂ ಒಂದೇ ದಿನದ ದಾರಿಯಲ್ಲಿ ಸಿಗುತ್ತವೆ. ಐದು ಡಿಗ್ರಿ ಎಂದರೆ ಎತ್ತರದ ಬೆಟ್ಟದ ಜುಮ್ಲಾದವರು ಟೋಪಿ ತೆಗೆದು ಬಿಸಿಲಿಗೆ ಕೂರುತ್ತಾರೆ, ನಮ್ಮ ತರಾಯಿ ಬಯಲಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ದೇಶಕ್ಕೆಲ್ಲ ಒಂದೇ ಅಂಕಿ ಕೊಟ್ಟರೆ ಒಂದು ಕಡೆ ಚಳಿಗಾಲವಿಡೀ ಶೀತಲಹರಿ, ಇನ್ನೊಂದು ಕಡೆ ಎಂದೂ ಇಲ್ಲ. ಅದಕ್ಕೇ ಪ್ರತಿ ಕೇಂದ್ರಕ್ಕೂ ಅದರದೇ ಮೂವತ್ತು ವರ್ಷದ ದಾಖಲೆ. ನೂರು ರಾತ್ರಿಗಳಲ್ಲಿ ಅತ್ಯಂತ ತಣ್ಣಗಿನ ಐದು ಎಲ್ಲಿ ಬರುತ್ತವೋ ಅಲ್ಲಿ ಗೆರೆ. ಮೂರು ರಾತ್ರಿ ಸತತ ಅದರ ಕೆಳಗೆ ಹೋದರೆ ಶೀತಲಹರಿ. ಬೇಸಿಗೆಗೆ ಇದನ್ನೇ ತಲೆಕೆಳಗು ಮಾಡಿದರಾಯಿತು: ಅತ್ಯಂತ ಸುಡುವ ಐದು ಹಗಲು, ಮೂರು ದಿನ ಸತತ, ಬಿಸಿ ಅಲೆ. ಬಿಸಿಗೆ ಹಗಲು, ಚಳಿಗೆ ರಾತ್ರಿ. ಈ ಲೆಕ್ಕ ಕಟ್ಟಿದವಳು ನಾನು. ನಮ್ಮ ಮೇಲಧಿಕಾರಿ ತುಲಾಧರ್ ಸರ್ ರಾಜಧಾನಿಯ ಸಭೆಯಲ್ಲಿ ಇದನ್ನು ಓದಿದಾಗ ಯಾರೂ ಪ್ರಶ್ನೆ ಎತ್ತಲಿಲ್ಲ. ಈ ಚಳಿಗಾಲ ಪ್ರಯೋಗ. ಜಿಲ್ಲೆಯ ಪ್ರಕಟಣೆಗೆ ಆಯಾ ಕೇಂದ್ರದವರದೇ ಸಹಿ. ಇಲ್ಲಿ ನನ್ನದು.

ಇವತ್ತಿನ ಪ್ರಕಟಣೆ: ದಟ್ಟ ಮಂಜು. ಶೀತಲಹರಿ ಇಲ್ಲ.

ಪುಸ್ ೧೪, ಶನಿವಾರ

ಇಲ್ಲಿ ಶನಿವಾರ ವಾರದ ರಜೆ. ಪಟ್ಟಣದ ನನ್ನ ಕೋಣೆಯಿಂದ ಊರಿಗೆ ಹೋದೆ. ನಾಲೆಯ ಕಡೆಯಿಂದ ಬರುವಾಗ ಹಗ್ಗದ ಮೇಲೆ ಅಣ್ಣನ ಪಂಚೆ ಕಂಡಿತು. ಮುಟ್ಟಬಾರದೆಂದು ದೂರದಿಂದಲೇ ನೋಡಿದೆ. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆಳಗ್ಗೆ ಬಿಚ್ಚಿದ್ದು. ಮೈಮೇಲಿರುವುದು ನಿನ್ನೆ ಬಿಚ್ಚಿ ಹಾಕಿದ್ದು, ಬಿಸಿಲಿಲ್ಲದೆ ಅದೂ ಒಣಗಿದ್ದಲ್ಲ.

"ಎರಡೂ ಒದ್ದೆ," ಅಂದಳು ಅತ್ತಿಗೆ. "ಒಂದು ಜಾಸ್ತಿ ಒದ್ದೆ, ಒಂದು ಕಮ್ಮಿ ಒದ್ದೆ. ಕಮ್ಮಿದನ್ನ ಒಣಗಿದ್ದು ಅಂತ ಕರೀತೀವಿ."

"ನಿನ್ನದು?"

"ನಾನು ಸೀರೆನ ಒಲೆ ಹತ್ರ ಹಿಡಿದು ಒಣಗಿಸ್ಕೋತೀನಿ. ಹೆಂಗಸರು ಏನು ಮಾಡ್ತಾರೆ ಅಂತ ಶಾಸ್ತ್ರ ಬರೆದೋರು ನೋಡೋಕೆ ಬಂದಿಲ್ಲ. ನಿಮ್ಮಣ್ಣನಿಗೆ ಅದೂ ಬೇಡ. ಸೂರ್ಯನ ಬಿಸಿಲಲ್ಲಿ ಒಣಗಬೇಕಂತೆ."

ಅಣ್ಣನ ಎದುರು ಒಂದಷ್ಟು ದೂರದಲ್ಲಿ ಮಣೆ ಹಾಕಿಕೊಂಡು ಕೂತೆ. ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಿದ್ದ. ಪಂಡಿತರು ಬೇಡ ಅನ್ನುವುದಿಲ್ಲ, ನೀರು ಕಾಯಿಸಿಕೋ ಎಂದೆ.

"ಪಂಡಿತರು ಒಳ್ಳೆಯವರು. ದಕ್ಷಿಣೆ ಕೊಡೋ ಮನೆಗೆ ಬೇಡ ಅಂತಾರಾ? ರೇಡಿಯೊ ಹೇಳ್ಲಿ."

"ರೇಡಿಯೊದಲ್ಲಿ ಬರೋದು ನಾನು ಬರೆದದ್ದೇ ಅಣ್ಣ. ಈಗ ನಾನೇ ಬಾಯಲ್ಲಿ ಹೇಳ್ತಿದೀನಿ."

"ಬಾಯಲ್ಲಿ ಹೇಳೋಳು ನನ್ನ ತಂಗಿ. ಅಲ್ಲಿ ಬರೆಯೋಳು ಬೇರೆ." ಕೆಮ್ಮಿ ಸುಧಾರಿಸಿಕೊಂಡು, ಮನೆಯ ಕಿರಿಯಳನ್ನು ಕರೆಯುವ ಹಾಗೆ ಕರೆದ. "ಕಾಂಛಿ, ಕೊಲ್ಲಿಯಲ್ಲಿ ನಮ್ಮ ಗೇಟಿನ ಹತ್ರ ಒಂದು ಬೋರ್ಡಿತ್ತು. ಐವತ್ತು ಡಿಗ್ರಿ ಮುಟ್ಟಿದ್ರೆ ಕೆಲಸ ನಿಲ್ಲಿಸಬೇಕು ಅಂತ ಕಾನೂನು ಅಂತಿದ್ರು. ನಾನು ಹೋದ ದಿನದಿಂದ ಬಂದ ದಿನದವರೆಗೂ ಆ ಬೋರ್ಡು ನಲವತ್ತೊಂಬತ್ತು ದಾಟಲಿಲ್ಲ. ಮೇಲಿಂದ ಬಿದ್ದು ಒಬ್ಬ ಸತ್ತ, ತಲೆ ತಿರುಗಿ. ಅವತ್ತೂ ನಲವತ್ತೊಂಬತ್ತೇ. ಅಪ್ಪ ಹೋದಾಗಲೂ ಅಲ್ಲೇ ಇದ್ದೆ, ರಜೆ ಸಿಗಲಿಲ್ಲ, ದೊಡ್ಡಪ್ಪನ ಮಗ ಕೂತ ಕ್ರಿಯೆಗೆ. ನೀನು ಆಗ ಹವಾಮಾನ ಓದ್ತಿದ್ದೆ. ಇರೋದನ್ನ ಇದ್ದಹಾಗೆ ಬರೆಯೋರು ಒಬ್ಬರಾದ್ರೂ ನಮ್ಮನೇಲಿ ಇರ್ತಾರೆ ಅಂದ್ಕೊಂಡು ದುಡೀತಿದ್ದೆ. ನೀನು ಬರೆದ್ರೆ ನಂಬ್ತೀನಿ. ಹೇಳಿದ್ರೆ ನಂಬಲ್ಲ."

ಮಣೆ ಎತ್ತಿಟ್ಟೆ. ಅಮ್ಮನ ಕೋಣೆಗೆ ಹೋಗಿ ಕೂತೆ. ಹಾಸಿಗೆ ಮುಗ್ಗಲು ವಾಸನೆ ಹೊಡೆಯುತ್ತಿದೆ. ಈ ಶೀತಲಹರಿ ಕಳೆದ ಮೇಲೆ ಎಲ್ಲವನ್ನೂ ಬಿಸಿಲಿಗೆ ಹಾಕಬೇಕು.

ಪುಸ್ ೧೫, ಭಾನುವಾರ

ಕನಿಷ್ಠ ೮.೦. ಗರಿಷ್ಠ ೧೦.೯.

ಎರಡನ್ನೂ ಒಂದರ ಕೆಳಗೊಂದು ಬರೆದು ತುಂಬ ಹೊತ್ತು ನೋಡಿದೆ. ರಾತ್ರಿಗೂ ಹಗಲಿಗೂ ಮೂರು ಡಿಗ್ರಿಯೂ ಇಲ್ಲ. ಪುಸ್ ತಿಂಗಳ ಇಲ್ಲಿನ ಹಗಲು ಇಪ್ಪತ್ತೊಂದರ ಆಸುಪಾಸು ಇರಬೇಕು. ಮಂಜು ಕಂಬಳಿಯ ಹಾಗೆ ನೆಲದ ಶಾಖವನ್ನು ರಾತ್ರಿ ಹೊರಗೆ ಬಿಡುವುದಿಲ್ಲ, ಆದ್ದರಿಂದ ಕನಿಷ್ಠ ಇಳಿಯುವುದಿಲ್ಲ. ಅದೇ ಕಂಬಳಿ ಹಗಲು ಬಿಸಿಲನ್ನು ಒಳಗೆ ಬಿಡುವುದಿಲ್ಲ. ಬೆಟ್ಟದ ಊರುಗಳಲ್ಲಿ ಚಳಿ ರಾತ್ರಿ ಬಂದು ಬೆಳಗ್ಗೆ ಹೋಗುತ್ತದೆ. ಇಲ್ಲಿ ಬಂದದ್ದು ಹೋಗುವುದೇ ಇಲ್ಲ. ನಾನು ರಾತ್ರಿಯನ್ನು ಅಳೆಯುತ್ತಿದ್ದೇನೆ.

ಹಳೆಯ ದಾಖಲೆ ತೆಗೆಸಿದೆ. ಚೌಧರಿ ಓದಿದ, ನಾನು ಲೆಕ್ಕ ಹಾಕಿದೆ. ಅದೇ ನಿಯಮ, ಅದೇ ನೂರಕ್ಕೆ ಐದು, ರಾತ್ರಿಯ ಬದಲು ಹಗಲು. ಗೆರೆ ಹದಿಮೂರರಲ್ಲಿ ಬಂತು. ಆ ಲೆಕ್ಕದಲ್ಲಿ ನಮ್ಮಲ್ಲಿ ಶೀತಲಹರಿ ಬಂದು ಆಗಲೇ ದಿನಗಳಾದವು. ನಾನು ಜಗಲಿಯ ಮೇಲೆ ನಿಂತು ಪಂಡಿತರಿಗೆ ಅಲ್ಲವೆಂದು ವಿವರಿಸಿದ ದಿನವೂ ಅದರೊಳಗೇ ಇದೆ.

ತುಲಾಧರ್ ಸರ್‌ಗೆ ಫೋನ್ ಮಾಡಿದೆ. ಅಮ್ಮನ ವಿಷಯಕ್ಕೆ ಎರಡು ಮಾತಾಡಿದರು, ತಾವೂ ತಾಯಿಯನ್ನು ಪುಸ್ ತಿಂಗಳಲ್ಲೇ ಕಳೆದುಕೊಂಡದ್ದು ಅಂದರು. ನಾನು ಅಂಕಿಗಳನ್ನು ಓದಿ ಹೇಳಿದೆ. ಕೇಳಿಸಿಕೊಂಡರು.

"ನಿಮ್ಮ ಮಾತು ತಪ್ಪು ಅಂತ ನಾನು ಹೇಳಲ್ಲ ರೇಗ್ಮಿಯವರೇ. ಬರೆದು ಕಳಿಸಿ, ಚೈತ್ರದ ಸಭೆಯಲ್ಲಿ ಇಡ್ತೀನಿ."

"ಚೈತ್ರದಲ್ಲಿ ಜನ ಬಿಸಿ ಅಲೆ ಬಂತಾ ಅಂತ ಕೇಳ್ತಿರ್ತಾರೆ ಸರ್."

"ಕೇಳ್ಲಿ. ಪ್ರಯೋಗದ ವರ್ಷದಲ್ಲೇ ಒಂದು ಕೇಂದ್ರ ಗೆರೆ ದಾಟಿದ್ರೆ, ಬರೋ ವರ್ಷ ಜಿಲ್ಲೆ ಜಿಲ್ಲೆಯಿಂದ ಫೋನ್ ಬರುತ್ತೆ. ಒಬ್ರಿಗೆ ಶಾಲೆ ಮುಚ್ಚೋಕೆ ಶೀತಲಹರಿ ಬೇಕು. ಇನ್ನೊಬ್ರಿಗೆ ಪ್ರವಾಸಿಗರು ಬರ್ತಾರೆ, ಬೇಡ. ಆಮೇಲೆ ನಮ್ಮ ಮಾತು ಯಾರು ನಂಬ್ತಾರೆ?" ಆಮೇಲೆ ಅಂದರು, "ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಚೌಧರಿ ಹೇಳಿದ, ನಿಮ್ಮಣ್ಣ ಕ್ರಿಯೆಗೆ ಕೂತಿದಾರಂತೆ. ಇದು ಜಿಲ್ಲೆಯ ಚಳಿಯೋ, ನಿಮ್ಮ ಅಣ್ಣನ ಚಳಿಯೋ?"

ಬರೆದು ಕಳಿಸುತ್ತೇನೆಂದು ಹೇಳಿ ಫೋನ್ ಇಟ್ಟೆ. ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅಣ್ಣ ಈ ಸಲ ಸ್ವೆಟರ್ ಹಾಕಿಕೊಂಡು ಒಲೆ ಮುಂದೆ ಕೂತಿದ್ದರೆ ನಾನು ಈ ದಾಖಲೆ ತೆಗೆಸುತ್ತಿದ್ದೆನೇ? ಇಲ್ಲ ಎನಿಸುತ್ತದೆ.

ಸಂಜೆಯ ಪ್ರಕಟಣೆ: ದಟ್ಟ ಮಂಜು. ಶೀತಲಹರಿ ಇಲ್ಲ. ಸಹಿ ಹಾಕಿದೆ. ಚೌಧರಿ ಕಾಗದ ತೆಗೆದುಕೊಂಡು ಹೋಗುವಾಗ ನನ್ನ ಮುಖ ನೋಡಲಿಲ್ಲ. ತುಲಾಧರ್ ಸರ್‌ಗೆ ಮನೆಯ ಸುದ್ದಿ ಹೇಳಿದ್ದಕ್ಕೆ ನಾನು ಅವನನ್ನು ಬೈಯಲೂ ಇಲ್ಲ.

ಪುಸ್ ೧೬, ಸೋಮವಾರ

ಬಸ್ ನಿಲ್ದಾಣದ ಹಿಂದೆ ರಿಕ್ಷಾ ಎಳೆಯುವವನೊಬ್ಬ ಕೂತಲ್ಲೇ ಸತ್ತಿದ್ದ. ಪಕ್ಕದಲ್ಲಿ ಟಯರ್ ಸುಟ್ಟ ಗುರುತು. ಆಸ್ಪತ್ರೆಯವರು ಹೃದಯಾಘಾತ ಎಂದು ಬರೆದರಂತೆ. ಅವರೂ ಏನು ಬರೆಯಬೇಕು? ಜಿಲ್ಲೆಯಲ್ಲಿ ಚಳಿ ಇಲ್ಲವೆಂದು ನಾನು ಬರೆದಾಗಿದೆ.

ಬೆಟ್ಟದ ಸುರ್ಖೇತದಿಂದ ನಮ್ಮ ಯಜಮಾನರು ಫೋನ್ ಮಾಡಿದ್ದರು. ಅಲ್ಲಿ ಮಧ್ಯಾಹ್ನ ಒಳ್ಳೆಯ ಬಿಸಿಲಂತೆ. ನಿದ್ದೆ ಮಾಡುತ್ತೀಯಾ ಎಂದು ಕೇಳಿದರು. ಮಾಡುತ್ತೇನೆ ಎಂದೆ.

ಅತ್ತಿಗೆಯೂ ಫೋನ್ ಮಾಡಿದಳು. ಕ್ರಿಯೆಗೆ ಕೂತವರು ಫೋನ್ ಮುಟ್ಟಬಾರದು. ಮುಟ್ಟಿದ್ದಳು.

"ನಾಳೆ ಬಾ."

ಅಷ್ಟೇ ಹೇಳಿ ಇಟ್ಟಳು.

ಪುಸ್ ೧೭, ಮಂಗಳವಾರ

ಬೆಳಗಿನ ಅಂಕಿ ಬರೆದು ಮುಗಿಸಿ, ಔಷಧಿ ಅಂಗಡಿಯಲ್ಲಿ ಜ್ವರ ನೋಡುವ ಗಾಜಿನ ಕಡ್ಡಿ ಕೊಂಡು ಊರಿಗೆ ಹೋದೆ.

ಅಣ್ಣ ಗೋಡೆಗೆ ಒರಗಿ ಕೂತಿದ್ದ. ಒರಗಬಾರದೆಂದು ಇಷ್ಟು ದಿನ ನೆಟ್ಟಗೆ ಕೂತಿರುತ್ತಿದ್ದ. ತುಟಿ ಕಪ್ಪಗಾಗಿತ್ತು. ಬೋಳು ತಲೆಯ ಮೇಲೆ ಮಂಜಿನ ಹನಿ ಕೂತಿದ್ದವು, ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ. ಪ್ರತಿ ಉಸಿರಿಗೂ ಎದೆಯೊಳಗೆ ಯಾರೋ ಹುಲ್ಲು ಎಳೆದಂತೆ ಸದ್ದು. ಬೆಳಗ್ಗೆ ನಾಲೆಯಿಂದ ಮೇಲೆ ಹತ್ತಲಾಗದೆ ದಂಡೆಯ ಮೇಲೆ ಕೂತುಬಿಟ್ಟನಂತೆ. ಅತ್ತಿಗೆ ನಿಯಮ ನೋಡದೆ ರಟ್ಟೆ ಹಿಡಿದು ಎಬ್ಬಿಸಿದಳು. ಮುಟ್ಟಿಸಿಕೊಂಡ ಮೈಲಿಗೆಗೆ ಅವನು ಮತ್ತೆ ನೀರಿಗಿಳಿದು ಇನ್ನೊಂದು ಮುಳುಗು ಹಾಕಿದ.

"ಅದಕ್ಕೇ ಇನ್ನು ನಾನು ಮುಟ್ಟಲ್ಲ," ಅಂದಳು. "ಮುಟ್ಟಿದ್ರೆ ಎರಡು ಸ್ನಾನ."

ಊರಿನ ಆರೋಗ್ಯ ಕೇಂದ್ರದಿಂದ ಕರೆಸಿದ ನರ್ಸ್ ಅಂಗಳದಲ್ಲಿ ನಿಂತೇ ಆ ಉಸಿರು ಕೇಳಿಸಿಕೊಂಡಳು. ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದಳು. ಹದಿಮೂರು ಮುಗಿಯಲಿ ಎಂದ ಅಣ್ಣ. ಹಾಗಿದ್ದರೆ ತಣ್ಣೀರನ್ನಾದರೂ ಬಿಡಿ, ಇನ್ನೊಂದು ಸಲ ಇಳಿದರೆ ನಾನು ಜವಾಬ್ದಾರಿಯಲ್ಲ ಅಂದಳು. ಅಣ್ಣ ಕೈ ಮುಗಿದ. ಇನ್ನೂ ಮೂರು ಮುಳುಗು ಬಾಕಿ ಇವೆ.

ಗಾಜಿನ ಕಡ್ಡಿಯನ್ನು ಅವನ ಹುಲ್ಲಿನ ಅಂಚಿನಲ್ಲಿಟ್ಟು ಹಿಂದೆ ಸರಿದೆ. ಕೈಗೆತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡ. ಕಣ್ಣು ಮುಚ್ಚಿದ್ದ. ನಾನು ಎಣಿಸಲಿಲ್ಲ, ಸಾಕೆನಿಸಿದಾಗ ಸಾಕೆಂದೆ. ಬೆಳಕಿನ ಕಡೆ ಹಿಡಿದು ಓದಿದ. ಆಮೇಲೆ ನನ್ನನ್ನು ಒಮ್ಮೆ ನೋಡಿ, ಕಡ್ಡಿ ಹಿಡಿದ ಕೈ ಝಾಡಿಸಿದ. ಇನ್ನೊಮ್ಮೆ. ಮತ್ತೊಮ್ಮೆ.

"ತೊಂಬತ್ತೊಂಬತ್ತು," ಅಂದ.

ಕೆಳಗಿಟ್ಟ. ನಾನು ತೆಗೆದುಕೊಂಡಾಗ ಪಾದರಸ ಬುಡಕ್ಕೆ ಇಳಿದಿತ್ತು. ಗಾಜು ಇನ್ನೂ ಬಿಸಿ.

"ತೋರಿಸಿ ಆಮೇಲೆ ಇಳಿಸಬೇಕಿತ್ತು ಅಣ್ಣ."

"ಮರೆತೆ."

ಅತ್ತಿಗೆ ತನ್ನ ಮೂಲೆಯಿಂದ ಅವನನ್ನು ನೋಡಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ರಾತ್ರಿ ಎಷ್ಟಿತ್ತು?" ಎಂದು ಕೇಳಿದ ಅಣ್ಣ. ನಡುವೆ ಎರಡು ಸಲ ಉಸಿರು ಎಳೆದುಕೊಂಡ.

"ಏಳೂವರೆ."

"ಹಾಗಾದ್ರೆ ಅಲ್ಲ."

"ಅಲ್ಲ," ಎಂದೆ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹೊರಗೆ ಏನೂ ಕಾಣುತ್ತಿರಲಿಲ್ಲ. ಕೊಲ್ಲಿಯಲ್ಲಿ ಗೇಟಿನ ಬೋರ್ಡಿನ ಮೇಲೆ ನಲವತ್ತೊಂಬತ್ತು ಎಂದು ಬರೆಯುತ್ತಿದ್ದವನಿಗೂ ಮೇಲಿನವರ ಒಂದು ನಿಯಮ ಇದ್ದಿರಬೇಕು. ಮನೆಯಲ್ಲಿ ಕಾಯುವವರು ಇದ್ದಿರಬೇಕು. ಅವನು ಅಂಕಿ ತಿದ್ದಿದ. ನಾನು ಒಂದೂ ಅಂಕಿ ತಿದ್ದಿಲ್ಲ. ಆದರೂ ಎರಡು ಕಡೆಯೂ ಜನ ಬಿಸಿಲಲ್ಲೋ ನೀರಲ್ಲೋ ನಿಂತೇ ಇದ್ದಾರೆ. ಇದಕ್ಕಿಂತ ಹೆಚ್ಚು ಯೋಚಿಸುವ ಶಕ್ತಿ ನನ್ನಲ್ಲಿಲ್ಲ. ಕಾಲು ನೋಯುತ್ತಿದೆ.

ಕಚೇರಿಗೆ ಬಂದಾಗ ಸಂಜೆಯ ಪ್ರಕಟಣೆಯ ಹೊತ್ತು ಮೀರಿತ್ತು. ಚೌಧರಿ ನಿನ್ನೆಯದನ್ನೇ ಕಳಿಸಿದ್ದ. ಯಾರೂ ವ್ಯತ್ಯಾಸ ಹುಡುಕಿಲ್ಲ.

ತೀರ್ಮಾನ ಮಾಡಿದ್ದೇನೆ. ಬೆಳಗ್ಗೆ ಇಲ್ಲಿನ ರೇಡಿಯೊ ಭಜನೆಯಿಂದ ಶುರುವಾಗುತ್ತದೆ. ಅಣ್ಣ ಭಜನೆ ಕೇಳಿ ಮುಗಿಸಿ ನಾಲೆಗೆ ಹೋಗುತ್ತಾನೆ. ಪ್ರಕಟಣೆಯನ್ನು ಭಜನೆಗೂ ಮುಂಚೆ ಓದಬೇಕೆಂದು ನಿಲಯದ ಬಾಗಿಲಲ್ಲಿ ನಾನೇ ನಿಂತು ಕೊಡುತ್ತೇನೆ. ಜಿಲ್ಲೆಯಲ್ಲಿ ಶೀತಲಹರಿ ಇದೆ, ಮುಂದಿನ ದಿನಗಳಲ್ಲೂ ಇರುತ್ತದೆ, ಮುದುಕರು, ಮಕ್ಕಳು, ಎದೆಯ ಕಾಯಿಲೆಯವರು, ವ್ರತದಲ್ಲಿ ಕೂತವರು ಬೆಚ್ಚಗಿರಬೇಕು. ಕೆಳಗೆ, ರೇಡಿಯೊದವರು ಓದದ ಜಾಗದಲ್ಲಿ, ಹಗಲಿನ ಅಂಕಿ, ರಾತ್ರಿಯ ಅಂಕಿ, ಎರಡನ್ನೂ ಇರುವ ಹಾಗೇ ಕೊಡುತ್ತೇನೆ. ಅದರ ಕೆಳಗೆ ನನ್ನ ಹೆಸರು ಪೂರ್ತಿ. ಒಂದು ಪ್ರತಿ ವಾರ್ಡ್ ಕಚೇರಿಗೆ, ಗೋ­ದಾಮು ತೆರೆಯಲಿ. ಒಂದು ತುಲಾಧರ್ ಸರ್‌ಗೆ. ಅವರು ಕೇಳಿದ್ದಕ್ಕೆ ಇನ್ನೂ ನನ್ನಲ್ಲಿ ಉತ್ತರವಿಲ್ಲ, ಅದನ್ನೂ ಬರೆಯುತ್ತೇನೆ. ವರ್ಗ ಮಾಡಿದರೆ ಮಾಡಲಿ, ಗೆರೆ ಎಳೆಯುವ ಕೆಲಸ ಬೇರೆಯವರಿಗೆ ಕೊಟ್ಟರೆ ಕೊಡಲಿ.

ಅಣ್ಣ ಕೇಳಿಯೇ ಕೇಳುತ್ತಾನೆ, ರಾತ್ರಿ ಗೆರೆಯ ಕೆಳಗೆ ಹೋಗಿತ್ತಾ ಎಂದು. ಅವನಿಗೆ ಸುಳ್ಳು ಹೇಳುವುದಿಲ್ಲ. ಹೋಗಿರಲಿಲ್ಲ ಎನ್ನುತ್ತೇನೆ. ಆದರೆ ಅತ್ತಿಗೆ ನೀರು ಕಾಯಿಸಿ, ಅವನು ಮೈಮೇಲೆ ಹೊಯ್ದುಕೊಂಡ ಮೇಲೆ.